ಜೋಳದ ಮೇಲೆ ಜೋಳ

ಅರವತ್ತು ದಾಟಿದವನಿಗೆ ಬರಬಾರದ ಹುಚ್ಚುಗಳು ಹಲವಿದ್ದು, ಅವುಗಳಲ್ಲಿ ತಳಿ ಸುಧಾರಣೆಯ ಹುಚ್ಚು ಮುಖ್ಯವಾದದ್ದು ಎಂದು ನಾನು ಈಗ ಅಧಿಕಾರದಿಂದ ಹೇಳಬಲ್ಲೆ. ಉಳಿದ ಹುಚ್ಚುಗಳು ಮನೆಯೊಳಗೇ ಇರುತ್ತವೆ. ಇದು ಹೊಲಕ್ಕೆ ಹೋಗಿ ಆಳೆತ್ತರ ಬೆಳೆದು ನಿಲ್ಲುತ್ತದೆ, ಹೋಗುವವರು ಬರುವವರು ಬದುವಿನ ಮೇಲೆ ನಿಂತು ನೋಡುತ್ತಾರೆ.

ಸೊಲ್ಲಾಪುರದಲ್ಲಿ ನಮ್ಮದು ಟಾವೆಲು, ಚಾದರುಗಳ ಅಂಗಡಿ. ನನ್ನ ಜೀವಮಾನದ ಸಾಧನೆ ಎಂದರೆ ಗಿರಾಕಿಗೆ ಟಾವೆಲು ಬಿಚ್ಚಿ ತೋರಿಸಿದ್ದು, ಗಿರಾಕಿ ಎದ್ದುಹೋದ ಮೇಲೆ ಅದನ್ನು ಮತ್ತೆ ಮಡಚಿಟ್ಟದ್ದು. ಹೊಲ ಇರುವುದು ಅಕ್ಕಲಕೋಟೆಯಿಂದಾಚೆ, ಎಸ್.ಟಿ. ಬಸ್ಸಿನಲ್ಲಿ ಅರ್ಧ ತಾಸು ಕುಲುಕಿಸಿಕೊಂಡರೆ ಸಿಗುವ ಹಳ್ಳಿಯಲ್ಲಿ. ಅದನ್ನು ನೋಡಿಕೊಳ್ಳುವವನು ನನ್ನ ತಮ್ಮ. ಸರಕಾರಿ ಗೊಬ್ಬರದ ಚೀಲ ಹೊಲಕ್ಕೆ ತರುವುದನ್ನು ಬಿಟ್ಟು ಹತ್ತು ವರ್ಷವಾಯಿತು; ತಿಪ್ಪೆಗೊಬ್ಬರ, ಎರೆಗೊಬ್ಬರ, ದನದ ಗಂಜಲ, ಇಷ್ಟರಲ್ಲೇ ಬೇಸಾಯ. ಇದರಲ್ಲಿ ತತ್ವವೇನೂ ಇರಲಿಲ್ಲ. ಚೀಲ ಹೊತ್ತು ಬೆನ್ನು ನೋಯುತ್ತದೆ ಎಂದು ಶುರುವಾದದ್ದು ಆಮೇಲೆ ತತ್ವವಾಯಿತು.

ತಮ್ಮನ ಹೆಂಡತಿ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ತೆಳ್ಳನೆಯ ಜೋಳದ ರೊಟ್ಟಿ. ತಿಂಗಳಿಟ್ಟರೂ ಕೆಡುವುದಿಲ್ಲ, ಮುರಿದರೆ ಹಪ್ಪಳದಂತೆ ಸದ್ದು ಮಾಡುತ್ತದೆ. ವಾರಕ್ಕೆರಡು ಬುಟ್ಟಿ ಸೊಲ್ಲಾಪುರದ ಒಂದು ಖಾನಾವಳಿಗೆ ಹೋಗುತ್ತದೆ. ಆ ಖಾನಾವಳಿಯ ಮಾಲಕ ಬೇರೆ ಯಾರ ರೊಟ್ಟಿಯನ್ನೂ ಮುಟ್ಟುವುದಿಲ್ಲ. ಇದರ ಕೀರ್ತಿಯಲ್ಲಿ ಅರ್ಧ ಅವಳ ಕೈಯದು, ಅರ್ಧ ಜೋಳದ್ದು. ಸುತ್ತ ಹತ್ತೂರಲ್ಲಿ ಬಿತ್ತುವುದು ಮಾಲದಂಡಿ ಜೋಳವನ್ನೇ. ನಮ್ಮ ಮನೆಯದೂ ಅದೇ ಕುಲದ್ದು. ಆದರೆ ನಮ್ಮಜ್ಜಿ, ಆಮೇಲೆ ಅವ್ವ, ಆಮೇಲೆ ಇವಳು, ವರ್ಷಾವರ್ಷ ಸುಗ್ಗಿಗೆ ಮುಂಚೆ ಹೊಲದೊಳಗೆ ತಿರುಗಾಡಿ ತಮಗೆ ಮನಸ್ಸಿಗೆ ಬಂದ ತೆನೆಗಳನ್ನು ಆರಿಸಿ, ಬೂದಿ ಬೇವಿನೆಲೆ ಬೆರೆಸಿ, ಮಣ್ಣಿನ ಹರವಿಯಲ್ಲಿ ಬೀಜ ಇಟ್ಟುಕೊಂಡು ಬಂದದ್ದರಿಂದ ಅದಕ್ಕೆ ‘ಮನಿ ಜ್ವಾಳ’ ಎಂದೇ ಹೆಸರು. ಮೂರು ತಲೆಮಾರು ಹೆಂಗಸರು ಮಾಡಿದ ಈ ಕೆಲಸಕ್ಕೆ ತಳಿ ಸುಧಾರಣೆ ಎನ್ನುತ್ತಾರೆಂದು ನನಗೆ ಹೊಳೆಯಲಿಲ್ಲ. ಅವರ ಹತ್ತಿರ ಫೈಲು ಇರಲಿಲ್ಲವಲ್ಲ.

ನನ್ನ ಹತ್ತಿರ ಫೈಲು ಬಂದದ್ದು ಸೊಲ್ಲಾಪುರದಲ್ಲಿ ನಡೆದ ಸಾವಯವ ಬೀಜದ ಶಿಬಿರದಲ್ಲಿ. ಎರಡು ದಿನದ ಶಿಬಿರ. ಊಟ ಚೆನ್ನಾಗಿದೆ ಎಂದು ಕೇಳಿ ಹೋಗಿದ್ದೆ. ಅಲ್ಲಿ ಒಬ್ಬ ವಿದ್ವಾಂಸರು, ಗೊಬ್ಬರ ತಿಂದು ಬೆಳೆದ ಬೀಜ ನಮ್ಮಂಥವರ ಹೊಲದಲ್ಲಿ ಉಪವಾಸ ಬೀಳುತ್ತದೆ, ಆದ್ದರಿಂದ ನಮ್ಮ ಬೀಜವನ್ನು ನಮ್ಮ ಮಣ್ಣಿನಲ್ಲೇ ನಾವೇ ಆರಿಸಿ ಬೆಳೆಸಬೇಕು ಎಂದರು. ‘ಪ್ರತಿಯೊಬ್ಬ ರೈತನೂ ತಳಿಗಾರ’ ಎಂದೂ ಹೇಳಿದರು. ನನಗೆ ಅವರು ನನ್ನ ಕಡೆಗೇ ನೋಡಿ ಹೇಳಿದಂತೆ ಕಂಡಿತು. ಬಹುಶಃ ನನ್ನ ಹಿಂದಿದ್ದ ಗಡಿಯಾರ ನೋಡುತ್ತಿದ್ದರು.

ಮನಿ ಜ್ವಾಳಕ್ಕೆ ಒಂದು ದೋಷವಿತ್ತು. ಬಹಳ ಎತ್ತರ. ತೆನೆ ತುಂಬುವ ಹೊತ್ತಿಗೆ ಜೋರು ಗಾಳಿ ಬೀಸಿತೆಂದರೆ ಅರ್ಧ ಹೊಲ ಮಲಗುತ್ತಿತ್ತು. ಶಿಬಿರದ ಬೀಜ ಮೇಳದಲ್ಲಿ ನನಗೊಂದು ಗಿಡ್ಡ ಜೋಳ ಸಿಕ್ಕಿತು. ಮೋಟು ದಂಟು, ಗುಂಡು ತೆನೆ, ಪೈಲವಾನನಂತೆ ನಿಂತಿತ್ತು. ಇವೆರಡಕ್ಕೂ ಸಂಬಂಧ ಮಾಡಿಸಿದರೆ ರುಚಿ ತಾಯಿಯದು, ನಿಲುವು ತಂದೆಯದು, ಕೀರ್ತಿ ನನ್ನದು. ಹೊಸ ತಳಿಗೆ ಹೆಸರನ್ನೂ ಯೋಚಿಸಿಟ್ಟೆ. ತೀರಾ ವಿನಯದಿಂದ, ನನ್ನ ಹೆಸರನ್ನೇ.

ಜೋಳದ ಹೂವು ಸಾಸಿವೆಕಾಳಿಗಿಂತ ತುಸು ದೊಡ್ಡದು. ಅದರೊಳಗಿನ ಪರಾಗದ ಚೀಲಗಳನ್ನು ಚಿಮಟಿಗೆಯಿಂದ ಒಂದೊಂದಾಗಿ ಕಿತ್ತು, ಬೇರೆ ತೆನೆಯ ಪರಾಗ ಉದುರಿಸಿ, ಮೇಲೆ ಕಾಗದದ ಚೀಲ ಕಟ್ಟಬೇಕು. ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ನಾನು ಒಂದು ಬೆಳಗಿನಲ್ಲಿ ಇಪ್ಪತ್ತು ಹೂವು ಮುಗಿಸಿದೆ. ಅದರಲ್ಲಿ ಎಂಟು ಹೂವು ಪೂರ್ತಿ ಮುಗಿದೇ ಹೋದವು. ಚೀಲಕ್ಕೆ ಮಗಳ ಲಗ್ನಪತ್ರಿಕೆಯ ಉಳಿದ ಲಕ್ಕೋಟೆಗಳನ್ನು ಬಳಸಿದೆ. ನಮ್ಮ ಮನೆಯಲ್ಲಿ ಪತ್ರಿಕೆಗಳು ಯಾವಾಗಲೂ ಬಂಧುಗಳಿಗಿಂತ ಜಾಸ್ತಿ ಅಚ್ಚಾಗುತ್ತವೆ. ತೆನೆತೆನೆಗೂ ಕೆಂಪು ಗಣಪತಿ, ಕೆಳಗೆ ‘ಸಹಕುಟುಂಬ ಸಹಪರಿವಾರ’.

ಪಕ್ಕದ ಹೊಲದವನು ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ.

“ಸಾವಕಾರ್ರ, ಜ್ವಾಳದ್ದು ಲಗ್ನ ಏನ್ರಿ?”

“ಹೌದೋ ಮಾರಾಯಾ.”

“ಆಜೂಬಾಜೂ ಹೊಲದವ್ರಿಗಿ ಆಮಂತ್ರಣ ಇಲ್ಲ? ನಮ್ಮ ತೊಗರಿ ಸಿಟ್ಟ ಮಾಡ್ಕೊಂಡದ ನೋಡ್ರಿ.”

ಹೀಗೆ ಐದು ವರ್ಷ. ಬಿತ್ತುವುದು, ಆರಿಸುವುದು, ಬರೆಯುವುದು, ಮತ್ತೆ ಬಿತ್ತುವುದು. ಸಂಬಂಧದಿಂದ ಹುಟ್ಟಿದ ಸಾವಿರ ಮಕ್ಕಳಲ್ಲಿ ಕಡೆಗೆ ಎಂಟು ಕುಟುಂಬಗಳನ್ನು ಉಳಿಸಿಕೊಂಡೆ. ಎಲ್ಲವೂ ಎದೆಯೆತ್ತರ, ಗಾಳಿಗೆ ಜಗ್ಗುವುದಿಲ್ಲ, ಕಾಳು ಬೆಳ್ಳಗೆ ಹೊಳೆಯುತ್ತಿತ್ತು. ಅವುಗಳಲ್ಲಿ ಒಂದು ನನ್ನ ಪ್ರಾಣ. ಅದರ ತೆನೆಯನ್ನು ಅಂಗಡಿಯ ಗಲ್ಲೆಯ ಮೇಲೆ ಇಟ್ಟುಕೊಂಡು, ಟಾವೆಲು ಕೇಳಲು ಬಂದವರಿಗೆ ಮೊದಲು ಅದನ್ನು ತೋರಿಸುತ್ತಿದ್ದೆ. ಕೆಲವರು ಬೆಲೆ ಕೇಳಿದರು. ಬಹಳಷ್ಟು ಜನ ಎದುರಿನ ಅಂಗಡಿಗೆ ಹೋದರು.

ಇನ್ನು ತಮ್ಮನ ಹೆಂಡತಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ನಮ್ಮ ಮನೆಗೆ ಬಂದು ಮೂವತ್ತು ವರ್ಷವಾದರೂ ನನ್ನೊಡನೆ ನೇರ ಮಾತಾಡಿದವಳಲ್ಲ. ಜಗಳವಲ್ಲ, ಹಳೆಯ ರೀತಿ. ಗಂಡನ ಅಣ್ಣನೆದುರು ತಲೆಯ ಮೇಲೆ ಸೆರಗು, ಮಾತೇನಿದ್ದರೂ ಮೂರನೆಯವರ ಮೂಲಕ. ಗಂಡ ಇದ್ದರೆ ಗಂಡನಿಗೆ ಹೇಳುತ್ತಾಳೆ, ಇಲ್ಲದಿದ್ದರೆ ಎಮ್ಮೆಗೆ. ಹೀಗಾಗಿ ನನ್ನ ತಳಿಯ ಕುರಿತ ವಿಮರ್ಶೆಯೆಲ್ಲ ನನಗೆ ತಲುಪಿದ್ದು ಎಮ್ಮೆಯ ಕಡೆಯಿಂದ.

“ಗಿಡ್ಡ ಜ್ವಾಳಂತ. ಮೇಯಾಕ ಕಣಿಕಿ ಒಂದು ಗೇಣಿಲ್ಲ. ನೀ ಏನು ತಿಂತಿ, ಲಕ್ಕೋಟಿ ತಿಂತೇನು?” ಎಂದು ಅದನ್ನು ಕೇಳುತ್ತಿದ್ದಳು. ಎಮ್ಮೆ ನನ್ನ ಕಡೆ ನೋಡುತ್ತಿತ್ತು.

ಐದನೆಯ ವರ್ಷದ ಸುಗ್ಗಿ ಮುಗಿದ ಮೇಲೆ ಅವಳು ಗಂಡನ ಮೂಲಕ ಒಂದು ಷರತ್ತು ಕಳಿಸಿದಳು. ಹೊಲದಲ್ಲಿ ನಿಲ್ಲುವ ಜೋಳ ಹಿಟ್ಟು ನಾದುವ ಪರಾತದಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಬೇಕು. ರೊಟ್ಟಿ ಬಂದರೆ ಹೊಲದ ಎರಡೂ ಎಕರೆಗೆ ಭಾವನವರ ಜೋಳ. ಬಾರದಿದ್ದರೆ ಭಾವನವರು ಅಂಗಡಿಗೆ. ಶಿಬಿರದ ವಿದ್ವಾಂಸರೂ ಮನೆಯ ಹೆಂಗಸರ ಅಭಿಪ್ರಾಯ ಪಡೆಯಿರಿ ಎಂದಿದ್ದರು. ನಾನದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದೆ; ಗೆರೆ ಎಳೆದದ್ದನ್ನು ಐದು ವರ್ಷ ನೋಡಿರಲಿಲ್ಲ, ಅಷ್ಟೆ.

ಪರೀಕ್ಷೆ ಎಂದರೆ ಪರೀಕ್ಷೆ. ಒಂಬತ್ತು ಸಣ್ಣ ಗಂಟುಗಳನ್ನು ಕಟ್ಟಿದೆ. ಎಂಟು ನನ್ನವು, ಒಂಬತ್ತನೆಯದು ಹೋಲಿಕೆಗೆಂದು ಮನಿ ಜ್ವಾಳ. ಅದನ್ನು ಗುರುತು ಹಿಡಿದು ಪಕ್ಷಪಾತ ಮಾಡಬಾರದೆಂದು ಯಾರಿಗೂ ಹೇಳದೆ ನಟ್ಟನಡುವೆ ಸೇರಿಸಿ ಐದನೆಯ ನಂಬರು ಕೊಟ್ಟೆ; ಅದರ ಮುಂದಿನ ಆರು ನನ್ನ ಪ್ರಾಣಕ್ಕೆ ಬಂತು. ಒಂದೊಂದು ಗಂಟು ಒಂದು ಸೇರಿಗೂ ಕಡಿಮೆ. ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಊರಿನ ಹಿಟ್ಟಿನ ಗಿರಣಿಗೆ ಸ್ವತಃ ನಾನೇ ಹೋದೆ. ಇಂಥ ಜವಾಬ್ದಾರಿಯನ್ನು ಇನ್ನೊಬ್ಬರಿಗೆ ವಹಿಸುವುದುಂಟೆ?

ನಮ್ಮ ಸೀಮೆಯ ಗಿರಣಿಗಳಲ್ಲಿ ಒಂದು ಕಟ್ಟಳೆ ಇದೆ. ಗೋಧಿ ಬೀಸಿದ ಕಲ್ಲಿಗೆ ಕೂಡಲೇ ಜೋಳ ಹಾಕಿದರೆ ಮನೆಗಳಲ್ಲಿ ಯುದ್ಧವಾಗುತ್ತದೆ. ರೊಟ್ಟಿಗೆ ಗೋಧಿ ಬೆರೆಯಿತೆಂದು ಹೆಂಗಸರು ಹಿಟ್ಟನ್ನು ವಾಪಸು ತಂದು ಸುರಿಯುತ್ತಾರೆ. ಅದಕ್ಕೇ ಜೋಳದ ಸರದಿ ಬೇರೆ, ಗೋಧಿಯ ಸರದಿ ಬೇರೆ. ಆದರೆ ಜೋಳದ ಬೆನ್ನಿಗೆ ಜೋಳ ಹಾಕಿದರೆ ಯಾರದೂ ತಕರಾರಿಲ್ಲ. ಅವರ ಹಿಟ್ಟು ಇವರಿಗೆ ಒಂದಿಷ್ಟು, ಇವರದು ಮುಂದಿನವರಿಗೆ ಒಂದಿಷ್ಟು. ಹುಟ್ಟಿದಾಗಿನಿಂದ ಎಲ್ಲರೂ ಹೀಗೆಯೇ ಉಂಡು ಬೆಳೆದಿದ್ದೇವೆ.

ಗಿರಣಿಯವನು ನನ್ನ ಗಂಟುಗಳನ್ನು ನೋಡಿದ. “ಏನೇನ್ ಅದಾವ್ರಿ ಸಾವಕಾರ್ರ?”

“ಒಂಬತ್ತೂ ಜ್ವಾಳ. ಒಂದರ ಹಿಟ್ಟು ಒಂದು ಚೀಲಕ್ಕ. ಚೀಲ ಅದಲಬದಲ ಆಗಬಾರದು. ಭಾರೀ ಮಹತ್ವದ್ದದು.”

“ಜ್ವಾಳದ ಮ್ಯಾಲ ಜ್ವಾಳ. ಏನ್ ಕಾಳಜಿ ಮಾಡಬ್ಯಾಡ್ರಿ.”

ನಾನೂ ಮಾಡಲಿಲ್ಲ. ಸ್ಟೂಲಿನ ಮೇಲೆ ಕುಳಿತು, ಒಂದು ಗಂಟು ಮುಗಿದೊಡನೆ ಇನ್ನೊಂದನ್ನು ಕೈಗೆ ಕೊಡುತ್ತ, ಚೀಲಗಳ ಮೇಲೆ ನಂಬರು ಬರೆಯುತ್ತ, ಕನ್ನಡಕ ಒರೆಸಿಕೊಳ್ಳುತ್ತ ಇದ್ದೆ. ಒಂದು ಚೀಲವೂ ಅದಲಬದಲಾಗಲಿಲ್ಲ.

ಮರುದಿನ ಬೆಳಿಗ್ಗೆ ತಮ್ಮನ ಮನೆಯ ಪಡಸಾಲೆಯಲ್ಲಿ ಓಣಿಯ ಐದು ಜನ ಹೆಂಗಸರು ಪರೀಕ್ಷಕರಾಗಿ ಕುಳಿತರು. ಜಿಗಿ, ಬಣ್ಣ, ರುಚಿ, ಮೃದುತ್ವ ಎಂದು ನಾಲ್ಕು ಅಂಕಣದ ಹಾಳೆಗಳನ್ನು ಸೊಲ್ಲಾಪುರದಿಂದ ಕನ್ನಡದಲ್ಲಿ ಅಚ್ಚು ಹಾಕಿಸಿಕೊಂಡು ಬಂದಿದ್ದೆ. ಐವರೂ ಮರಾಠಿ ಶಾಲೆ ಓದಿದವರು. ಒಬ್ಬಳು ಹಾಳೆಯನ್ನು ತಿರುಗಿಸಿ, ಅಡ್ಡ ಮಾಡಿ, “ಚಿತ್ರ ಛಲೋ ಅದರಿ,” ಎಂದಳು. ಕಡೆಗೆ ನಾನೇ ಓದಿ ಹೇಳಿ, ಹತ್ತಕ್ಕೆ ಎಷ್ಟು ಎಂದು ಕೇಳಿ ಬರೆದುಕೊಂಡೆ. ಎಲ್ಲರೂ ಎಲ್ಲದಕ್ಕೂ ಹತ್ತಕ್ಕೆ ಹತ್ತು ಕೊಟ್ಟರು.

“ಹಿಂಗ ಕೊಟ್ರ ಹ್ಯಾಂಗವಾ? ಒಂದಕ್ಕರೆ ಕಡಿಮಿ ಕೊಡ್ರಿ.”

“ಹಿರ್ಯಾರು ನೀವು. ನಿಮ್ಮ ಜ್ವಾಳಕ್ಕ ಕಡಿಮಿ ಕೊಟ್ರ ಛಂದ ಕಾಣಸ್ತದೇನ್ರಿ?”

ಹಿರಿತನಕ್ಕೆ ಅಂಕ ಕೊಡದವಳು ಒಬ್ಬಳೇ, ಒಲೆಯ ಮುಂದೆ ಕುಳಿತಿದ್ದ ತಮ್ಮನ ಹೆಂಡತಿ. ಅವಳು ಎಸರು ಹುಯ್ದು, ನಾದಿ, ಉಂಡೆ ಕಟ್ಟಿ, ಬಡಿದು, ಹಂಚಿಗೆ ಹಾಕಿದಳು. ಒಂದು, ಎರಡು, ಮೂರು. ಕೆಲವು ಬಡಿಯುವಾಗಲೇ ಅಂಚು ಸೀಳಿದವು, ಕೆಲವು ಹಂಚಿನ ಮೇಲೆ ಮುಖ ಗಂಟುಹಾಕಿಕೊಂಡವು. ನಾಲ್ಕನೆಯದು ಎತ್ತುವಾಗಲೇ ಎರಡು ಹೋಳಾಯಿತು. ಐದು ಹೇಗೋ ತಪ್ಪಿಸಿಕೊಂಡಿತು. ಮನಿ ಜ್ವಾಳ ಹೀಗೆ ಹೇಗೋ ತಪ್ಪಿಸಿಕೊಂಡದ್ದನ್ನು ನೋಡಿ ನಾನು ಒಳಗೊಳಗೇ ಗಂಭೀರವಾಗಿ ಕುಣಿದೆ.

ಆರನೆಯ ಹಿಟ್ಟಿಗೆ ಕೈ ಹಾಕಿದವಳು ಅರೆಗಳಿಗೆ ನಿಂತಳು. ಮತ್ತೆ ನಾದಿದಳು. ಬಡಿದಾಗ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ಹರಡಿತು; ಹಂಚಿಗೆ ಹಾಕಿದಾಗ ಉಬ್ಬಿ ನಿಂತಿತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಮಗ್ಗುಲಲ್ಲಿದ್ದ ಗಂಡನಿಗೆ, “ಹೇಳ್ರಿ ಅವ್ರಿಗಿ. ಆರು ಛಲೋ ಅದ,” ಎಂದಳು.

ಮೂವತ್ತು ವರ್ಷದಲ್ಲಿ ಆ ಕಡೆಯಿಂದ ಬಂದ ಮೊದಲ ಹೊಗಳಿಕೆ. ಅಂದು ಸೊಲ್ಲಾಪುರದ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಾನು ನಿಂತುಕೊಂಡೇ ಬಂದೆ.

ವಿಜಯಿಯಾದವನು ಉದಾರವಾಗಿರಬೇಕು, ನಾನು ಉದಾರನಾಗಲಿಲ್ಲ. ಇನ್ನು ಹಳೆಯ ಬೀಜ ಯಾಕೆ, ಬೆರಕೆಯಾದೀತು, ಹರವಿಯನ್ನು ಖಾಲಿ ಮಾಡಿ ಆರನ್ನು ತುಂಬಿ ಎಂದು ಅಪ್ಪಣೆ ಕೊಡಿಸಿದೆ. ತಮ್ಮ ತಲೆ ಕೆರೆದುಕೊಂಡ. ಅವನ ಹೆಂಡತಿ ಒಂದು ದಿನ ತಡೆದಳು. ಆದರೆ ಆರು ಛಲೋ ಅದ ಎಂದವಳು ತಾನೇ ತಾನೆ. ತನ್ನ ಕೈ ಕೊಟ್ಟ ಸಾಕ್ಷಿಯನ್ನು ತಾನು ಅಲ್ಲಗಳೆಯುವುದು ಹೇಗೆ? ಹರವಿಯ ಬೀಜವೆಲ್ಲ ಕಟ್ಟಕಡೆಗೆ ರೊಟ್ಟಿಯಾಗಿ ಖಾನಾವಳಿಗೆ ಹೋಯಿತು. ಹಿಂಗಾರಿಗೆ ಎರಡೆಕರೆಗೂ ಆರನ್ನು ಬಿತ್ತಿದೆವು.

ಬೆಳೆ ನೋಡುವಂತಿತ್ತು. ಒಂದೇ ಎತ್ತರ, ಒಂದೇ ನಿಲುವು, ಗಾಳಿ ಬಂದರೆ ಲಕ್ಷ್ಯವಿಲ್ಲ. ಅಲ್ಲಲ್ಲಿ ಹೋದ ವರ್ಷ ಉದುರಿದ ಕಾಳಿನಿಂದ ಮನಿ ಜ್ವಾಳದ ಉದ್ದನೆಯ ಗಿಡಗಳು ತಾವಾಗಿ ಹುಟ್ಟಿ ನಡುವೆ ತಲೆ ಎತ್ತಿದ್ದವು. ತಳಿಯ ಶುದ್ಧತೆ ಕಾಪಾಡುವುದು ತಳಿಗಾರನ ಮೊದಲ ಕರ್ತವ್ಯವೆಂದು ಫೈಲಿನಲ್ಲಿತ್ತು. ಪ್ರತಿ ರವಿವಾರ ಬಸ್ಸು ಹತ್ತಿ ಬಂದು ಅವನ್ನು ಒಂದೂ ಬಿಡದಂತೆ ಬೇರು ಸಹಿತ ಕಿತ್ತು ಎಮ್ಮೆಯ ಮುಂದೆ ಎಸೆದೆ. ಆ ಚಳಿಗಾಲದಲ್ಲಿ ನನ್ನ ಮೇಲೆ ಪ್ರೀತಿ ಹೆಚ್ಚಿಸಿಕೊಂಡದ್ದು ಎಮ್ಮೆ ಒಂದೇ.

ಜೋಳ ಕೀಳುವ ಆಳುಗಳು ಒಂದು ಸೋಮವಾರ ಬರುವುದೆಂದು ಗೊತ್ತಾಯಿತು. ನಮ್ಮಲ್ಲಿ ಹಿಂಗಾರಿ ಜೋಳವನ್ನು ಕೊಯ್ಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಒಂದು ದಿನದಲ್ಲಿ ಹೊಲ ಬಯಲು. ಅದರ ಹಿಂದಿನ ರವಿವಾರ ನಾನು ಬಂದಿಳಿದಾಗ ತಮ್ಮ ಬಾಗಿಲಲ್ಲೇ ನಿಂತಿದ್ದ. ಅವನ ಮುಖ ನೋಡಿ ಎಮ್ಮೆ ಸತ್ತಿತೆಂದುಕೊಂಡೆ.

“ಅಣ್ಣಾ, ಒಳಗ ಬಾ. ಅಕೀ ನಿನ್ನ ದಾರೀನ ನೋಡಾಕತ್ತಾಳ.”

ಒಳಗೆ ಬೀಸುವ ಕಲ್ಲಿನ ಮುಂದೆ ಅವಳು ಕುಳಿತಿದ್ದಳು. ಮೊದಲು ಮಾಗಿದ ನಾಲ್ಕು ತೆನೆಗಳನ್ನು ತಂದು, ಕೈಯಿಂದಲೇ ಉಜ್ಜಿ, ಅಷ್ಟು ಸ್ವಲ್ಪಕ್ಕೆ ಗಿರಣಿಗೆ ಯಾಕೆ ಹೋಗುವುದೆಂದು ಮೂಲೆಯಲ್ಲಿದ್ದ ಕಲ್ಲನ್ನು ತೊಳೆದು ಒಣಗಿಸಿ ಬೀಸಿದ್ದಳು. ಪರಾತದಲ್ಲಿ ಹಿಟ್ಟು ಒಡೆದು ಬಿದ್ದಿತ್ತು. ಹಂಚಿನ ಮೇಲಿದ್ದದ್ದನ್ನು ರೊಟ್ಟಿ ಎನ್ನಬೇಕಾದರೆ ಬಹಳ ವಾತ್ಸಲ್ಯ ಬೇಕು. ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿತ್ತು.

ಅವಳು ಗಂಡನ ಕಡೆ ತಿರುಗಲಿಲ್ಲ. ಎಮ್ಮೆ ಹಿತ್ತಲಲ್ಲಿತ್ತು. ಸೆರಗು ಸರಿಮಾಡಿಕೊಂಡು ನೇರ ನನ್ನ ಮುಖ ನೋಡಿದಳು.

“ಭಾವಾರ, ಆವತ್ತ ಗಿರಣ್ಯಾಗ ಹ್ಯಾಂಗ ಬೀಸಿದ್ರಿ?”

ಮೂವತ್ತು ವರ್ಷದ ಕಟ್ಟಳೆ ಮುರಿದದ್ದರ ಗಾಬರಿಯಲ್ಲಿ ನನಗೆ ಪ್ರಶ್ನೆಯೇ ಕೇಳಿಸಲಿಲ್ಲ. ಮತ್ತೆ ಕೇಳಿದಳು.

“ಹ್ಯಾಂಗಂದ್ರ... ಒಂದಾದ ಮ್ಯಾಲ ಒಂದು. ನಂಬರಿನ ಪ್ರಕಾರ.”

“ನಡುವ ಕಲ್ಲ ಝಾಡಿಸಿದ್ರ್ಯಾ?”

“ಇಲ್ಲ. ಎಲ್ಲಾ ಜ್ವಾಳನ ಅಲ್ಲೇನವಾ.”

“ಮೊದಲ ಬೀಸಿದವರ ಹಿಟ್ಟು ಮೂರು ನಾಕು ಬೊಗಸಿ ಕಲ್ಲಿನ ಸುತ್ತ, ಹಿಟ್ಟು ಬೀಳೂ ಅರಿವಿ ಸೊಂಡಿಲಿನ್ಯಾಗ ಉಳದಿರತದ್ರಿ. ನಾ ದಿನಾ ಗಿರಣಿಗಿ ಹೋಗಾಕಿ. ಮೊದಲ ಬಂದ ಹಿಟ್ಟು ರೊಟ್ಟಿಗಿ ತಗೊಳ್ಳೂದೇ ಇಲ್ಲ, ಎಮ್ಮಿಗಿ ಹಾಕ್ತೀನಿ. ನೀವು ತಂದ ಗಂಟ ಸೇರ ಇದ್ದಿದ್ದಿಲ್ಲ. ಐದನೇ ಚೀಲದಾಗ ನಾಕರದು, ಆರನೇ ಚೀಲದಾಗ ಐದರ ಹಿಟ್ಟೇ ಹೆಚ್ಚ ಇತ್ತು. ಐದು ಯಾವದಿತ್ತು?”

ಫೈಲು ತೆಗೆಯುವ ಅಗತ್ಯವಿರಲಿಲ್ಲ. ಆದರೂ ತೆಗೆದೆ, ಪುಟ ತಿರುವಿದೆ, ಕನ್ನಡಕ ಹುಡುಕಿದೆ. ಅಪರಾಧಿಗೆ ಇದೆಲ್ಲ ಸ್ವಲ್ಪ ಸಮಯ ಕೊಡುತ್ತದೆ.

“ಮನಿ ಜ್ವಾಳ,” ಎಂದೆ.

ತಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಅವಳು ಬಹಳ ಹೊತ್ತು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಬೈಯುತ್ತಾಳೆಂದು ನಾನು ತಲೆ ಬಗ್ಗಿಸಿ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಅಂದ್ರ ನನ್ನ ಕೈ ಸುಳ್ಳ ಹೇಳಿದ್ದಿಲ್ಲ,” ಎಂದಳು. “ಮನಿ ಜ್ವಾಳಾನ ಛಲೋ ಅಂದಿದ್ದೆ. ಅದರ ಬಾಯಾಗಿಂದ ತಗದು, ಇದರ ಹೆಸರಿಗಿ ಬರಕೊಂಡ್ರಿ ನೀವು.”

ಅವಳಿಗೆ ಸಮಾಧಾನವಾಯಿತೆಂದುಕೊಂಡೆ. ಅಷ್ಟರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಐದು ವರ್ಷದ ಗಂಭೀರ ಪರಿಶ್ರಮದ ಫಲ ಏನೆಂಬುದು ನನಗೆ ಅರ್ಥವಾದದ್ದು ಆಗಲೇ. ಮೂರು ತಲೆಮಾರಿನ ಹೆಂಗಸರು ಕಾಪಾಡಿದ ಬೀಜ ಈಗ ಮನೆಯಲ್ಲಿ ಒಂದು ಹಿಡಿ ಇರಲಿಲ್ಲ; ತಿಂದದ್ದು ಖಾನಾವಳಿಯ ಗಿರಾಕಿಗಳು, ತಿನ್ನಿಸಿದವನು ನಾನು.

“ಬ್ಯಾರೆ ಮಂದಿ ಹಂತ್ಯಾಕ ಕೇಳೂಣೇನು?” ಎಂದ ತಮ್ಮ.

“ಅವ್ರದು ಅವ್ರ ಮನೀದು. ನಮ್ಮದು ಎಲ್ಲಿ ಅದ?” ಎಂದು ಅವಳು ಎದ್ದಳು. “ಹೊಲದಾಗ ಉದ್ದನ್ನೂವು ಹುಟ್ಟಿದ್ದುವಲ್ಲ? ಒಂದರೆ ಉಳದಾವೇನು, ಭಾವಾರ?”

ಈ ಪ್ರಶ್ನೆಗೆ ಗೌರವಯುತವಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಇನ್ನೊಂದು ಬಗೆಯ ಉತ್ತರವಿತ್ತು. ಹೊಲದ ಬಡಗಣ ಬದುವಿಗೆ ಜಾಲಿಯ ಪೊದೆ ಒತ್ತಿಕೊಂಡಿದೆ, ಅದರ ಬುಡದಲ್ಲೊಂದು ಹುತ್ತವಿದೆ. ಆ ಸಾಲುಗಳಿಗೆ ನಾನು ಒಂದು ರವಿವಾರವೂ ಕಾಲಿಟ್ಟಿರಲಿಲ್ಲ. ದೂರದಿಂದಲೇ ನೋಡಿ, ಫೈಲಿನಲ್ಲಿ ‘ಬಡಗಣ ಬದು: ಪರಿಶೀಲಿಸಲಾಗಿದೆ, ಶುದ್ಧ’ ಎಂದು ಐದಾರು ಸಲ ಬರೆದು ಸಹಿ ಹಾಕಿದ್ದೆ. ಇದನ್ನು ತಮ್ಮನ ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳುವುದು ಸುಲಭವಾಗಿರಲಿಲ್ಲ. ಹೇಳಿದೆ.

“ಹಾವಿಗಿ ಅಂಜಿದ್ರ್ಯಾ?”

“ಮುಳ್ಳಿಗೂ ಅಂಜಿದ್ದೆ.”

ಅವಳ ಮುಖದಲ್ಲಿ ಒಂದು ಬೆಳಕು ಬಂತು. ನನ್ನ ವಿದ್ಯೆ ತರಿಸದಿದ್ದ ಬೆಳಕನ್ನು ನನ್ನ ಹೇಡಿತನ ತರಿಸಿತು. “ಬುಟ್ಟಿ ತಗೋರಿ. ನಾಳೆ ಆಳ ಬಂದು ಕಿತ್ತರಂದ್ರ ಮುಗೀತು,” ಎಂದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಮೂವರೂ ಹೋದೆವು. ಬದುವಿನಂಚಿಗೆ ಕುಂಟೆ ತಾಗದ ಕಡೆ, ಜಾಲಿಯ ಸಂದಿಯಲ್ಲಿ, ಉದ್ದನೆಯ ಗಿಡಗಳು ನಿಜವಾಗಿಯೂ ನಿಂತಿದ್ದವು. ಕೆಲವು ಗಾಳಿಗೆ ಬಿದ್ದು ಪೊದೆಗೇ ಒರಗಿದ್ದವು. ಆ ದೋಷವನ್ನು ನೋಡಿ ನನಗೆ ಮೊದಲ ಸಲ ಸಂತೋಷವಾಯಿತು. ನಾನು ಅಳತೆಪಟ್ಟಿ ತೆಗೆಯಹೋದೆ.

“ಅದನ್ನ ಕಿಸೇದಾಗ ಇಡ್ರಿ,” ಎಂದಳು ಅವಳು.

ಅವಳು ಆರಿಸುವುದನ್ನು ಅಂದೇ ಮೊದಲು ಹತ್ತಿರದಿಂದ ಕಂಡೆ. ತೆನೆಯ ಗಾತ್ರವನ್ನು ನೋಡುತ್ತಲೇ ಇರಲಿಲ್ಲ. ಕತ್ತು ಬಾಗಿದೆಯೇ ಎಂದು ನೋಡುವಳು. ಒಂದು ಕಾಳು ಬಿಡಿಸಿ ಉಗುರಿನಿಂದ ಒತ್ತುವಳು, ಬೆಳಕಿಗೆ ಹಿಡಿಯುವಳು, ಕಡೆಗೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿಯುವಳು. ಅಗಿದು ಅಗಿದು ಜಿಗಿಯಾಗಿ ಹಲ್ಲಿಗೆ ಹತ್ತಿದರೆ ತೆನೆ ಬುಟ್ಟಿಗೆ. ಪುಡಿಪುಡಿಯಾದರೆ ಉಗುಳುವಳು. ನನ್ನ ನಾಲ್ಕು ಅಂಕಣದ ಹಾಳೆಯಲ್ಲಿ ಅಗಿಯುವುದು ಎಂಬ ಅಂಕಣವೇ ಇರಲಿಲ್ಲ.

“ಯಾವದಕ್ಕ ಎಷ್ಟು ಹೊತ್ತು ಅಗೀಬೇಕು?” ಎಂದು ಕೇಳಿದೆ. ಬರೆದುಕೊಳ್ಳುವ ಚಟ.

“ಅದು ಹೇಳೂ ತನಾ.”

ಮುಳ್ಳಿನೊಳಗೆ ಕೈ ಹಾಕುವ ಕೆಲಸ ನನ್ನದಾಯಿತು, ನ್ಯಾಯವಾಗಿಯೇ ಆಯಿತು. ತಮ್ಮ ಹುತ್ತದ ಕಡೆ ಕೋಲು ಬಡಿಯುತ್ತ ಕಾವಲು ನಿಂತ. ಹೊತ್ತು ಇಳಿಯುವಷ್ಟರಲ್ಲಿ ಬುಟ್ಟಿಯ ತಳ ಮುಚ್ಚುವಷ್ಟು ತೆನೆಗಳಾದವು. ನನ್ನ ಎರಡೂ ಕೈ ಕೀಸಿಹೋಗಿದ್ದವು. ಇದನ್ನಾದರೂ ಫೈಲಿನಲ್ಲಿ ಬರೆಯೋಣವೆಂದರೆ ಪೆನ್ನು ಹಿಡಿಯಲಾಗಲಿಲ್ಲ.

ಮಾರನೆಯ ದಿನ ಎರಡೆಕರೆ ಆರನ್ನು ಕಿತ್ತರು, ಆಮೇಲೆ ರಾಶಿ ಮಾಡಿದರು. ಅಕ್ಕಲಕೋಟೆಯ ಪೇಟೆಯಲ್ಲಿ ಅಡತಿಯವನು ಕಾಳನ್ನು ಅಂಗೈಯಲ್ಲಿ ಹಿಡಿದು, “ಏಕದಮ್ ಮೋತಿ ಅದರಿ,” ಎಂದ. ಅವನ ಮನೆಯಲ್ಲಿ ಅದರ ರೊಟ್ಟಿ ಮಾಡಿದರೋ ಇಲ್ಲವೋ ತಿಳಿಯದು. ನಾನಂತೂ ಒಂದೆರಡು ತಿಂಗಳು ಆ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಓಡಾಡಿದೆ.

ಆ ವರ್ಷ ರೊಟ್ಟಿಯ ಬುಟ್ಟಿಗಳು ಮಂದ್ರೂಪ ಎಂಬ ಊರಿನಿಂದ ತಂದ ಜೋಳದಿಂದ ನಡೆದವು. ಜೋಳ ಒಳ್ಳೆಯದೇ, ಆದರೆ ಖಾನಾವಳಿಯ ಮಾಲಕ ಎರಡನೆಯ ಬುಟ್ಟಿಗೇ ಗುರುತಿಸಿದ, ಮೂರನೆಯದನ್ನು ವಾಪಸು ಕಳಿಸಿದ. ಅವನನ್ನು ಸಂತೈಸುವ ಹೊಣೆ ಅಂಗಡಿ ಹತ್ತಿರವಿದ್ದ ನನ್ನ ಮೇಲೆ ಬಿತ್ತು. ದಿನಾ ಅಲ್ಲಿ ಊಟಕ್ಕೆ ಕುಳಿತು, ಉಳಿದ ಗಿರಾಕಿಗಳಿಗೆ ಕೇಳುವಂತೆ ರೊಟ್ಟಿಯನ್ನು ಹೊಗಳುತ್ತಿದ್ದೆ.

“ಸಾವಕಾರ್ರ, ನೀವು ಹೊಗಳಾಕತ್ತೀರಂದ್ರ ಏನೋ ಕಡಿಮಿ ಅದ ಅಂತಾನ ಅರ್ಥ,” ಎಂದ ಅವನು. “ಒಂದು ವರ್ಷ ತಡಕೋತೀನಿ. ಅದರ ಮುಂದ ನನ್ನ ಕೈಯಾಗಿಲ್ಲ.”

ಮುಂದಿನ ಹಿಂಗಾರಿಗೆ, ಆ ತೆನೆಗಳ ಬೀಜವನ್ನು ಬಾವಿಯ ಮಗ್ಗುಲಿನ ತುಂಡು ನೆಲದಲ್ಲಿ ಕೂರಿಗೆಯನ್ನೂ ಹೂಡದೆ ಕೈಯಿಂದ ಒಂದೊಂದೇ ಊರಿದೆವು. ಚಿಮಟಿಗೆಗೆ ಅಲ್ಲಿ ಪ್ರವೇಶವಿರಲಿಲ್ಲ. ನನಗೆ ಒಪ್ಪಿಸಿದ್ದು ಹಕ್ಕಿ ಕಾಯುವ ಕೆಲಸ. ಹಾಲುಗಾಳಿನ ಮೂರು ವಾರ ಅಂಗಡಿಯನ್ನು ನೌಕರರಿಗೆ ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಅಟ್ಟದ ಮೇಲೆ ಕುಳಿತು ಡಬ್ಬಿ ಬಾರಿಸಿದೆ. ಪಕ್ಕದ ಹೊಲದವನು ಅಲ್ಲಿಂದಲೇ ಕೂಗಿದ: “ಲಗ್ನ ಮುಗೀತಲ್ರಿ ಸಾವಕಾರ್ರ, ಇನ್ನೂ ಬಾಜಾ ಯಾಕ?”

ತೆನೆಗಳು ಮಾಗಿದವು. ಅಂಗಳದಲ್ಲಿ ಚಾದರು ಹಾಸಿ ತಮ್ಮನ ಹೆಂಡತಿ ಅವನ್ನು ಎರಡು ಗುಂಪು ಮಾಡತೊಡಗಿದಳು. ದೊಡ್ಡದು ಬೀಜದ್ದು. ಇನ್ನೊಂದರಲ್ಲಿ ಹತ್ತಾರು ತೆನೆಗಳಿದ್ದವು. ಕತ್ತು ನೆಟ್ಟಗೆ, ಮೈ ಗುಂಡಗೆ. ಆ ಮುಖವನ್ನು ಎಲ್ಲಿಯೋ ನೋಡಿದ್ದೇನೆ ಅನಿಸಿತು.

“ಇವು ಯಾವು?”

“ಇವು ನಿಮ್ಮ ಪೈಕಿ, ಭಾವಾರ,” ಎಂದಳು. ಕುಚೋದ್ಯವೇನೂ ಇರಲಿಲ್ಲ, ಬೀಗರನ್ನು ಪರಿಚಯ ಮಾಡಿಸುವಂತೆ ಹೇಳಿದಳು. “ಬದುವಿನ್ಯಾಗ ಇದ್ದಾಗ ನಿಮ್ಮ ಆರರ ಗಾಳಿ ಬಡದದ ಇವಕ್ಕ.” ಎಂದು ಎಲ್ಲವನ್ನೂ ಎತ್ತಿ ಎಮ್ಮೆಯ ಬುಟ್ಟಿಗೆ ಹಾಕಿದಳು. ಒಂದನ್ನಾದರೂ ಇಟ್ಟುಕೊಳ್ಳಲೇ ಎಂದು ಕೇಳಲು ಬಾಯಿ ತೆರೆದವನು, ನನಗೆ ನಾನೇ ಅಚ್ಚರಿಪಡುವಂತೆ, ಮುಚ್ಚಿದೆ.

ಆಮೇಲೆ ಬೀಜದ ಗುಂಪಿನಿಂದ ಒಂದು ತೆನೆಯನ್ನು, ಬಹಳ ಯೋಚನೆ ಮಾಡಿ ಇನ್ನೊಂದನ್ನು ತೆಗೆದು ಉಜ್ಜಿದಳು. ಬೀಸುವ ಕಲ್ಲನ್ನು ತೊಳೆದು ಬಿಸಿಲಿಗೆ ಒಣಗಿಸಿದ್ದಳು. ಆದರೂ ಹಾಕಿದ ಮೊದಲ ನಾಲ್ಕು ಕಾಳಿನ ಹಿಟ್ಟನ್ನು ಬಟ್ಟೆಯಿಂದ ಒರೆಸಿ ತೆಗೆದಳು. ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಒಂದೇ ಒಂದು ಪುಟ್ಟ ರೊಟ್ಟಿಗಾಗುವಷ್ಟು ಹಿಟ್ಟಾಯಿತು. ಎಸರು, ನಾದುವುದು, ಬಡಿಯುವುದು. ಅಂಚು ಒಂದು ಕಡೆ ಕೂದಲೆಳೆಯಷ್ಟು ಸೀಳಿತು. ಅವಳು ಬೆರಳಿಗೆ ನೀರು ಹಚ್ಚಿ ಒತ್ತಿದಳು, ಕೂಡಿತು. ಹಂಚಿನ ಮೇಲೆ ರೊಟ್ಟಿ ನಿಧಾನವಾಗಿ, ಮುಕ್ಕಾಲು ಭಾಗ ಉಬ್ಬಿತು.

ಮೂರು ಹೋಳು ಮಾಡಿ ಗಂಡನಿಗೊಂದು, ನನಗೊಂದು ಕೊಟ್ಟು ತಾನೊಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನನಗೆ ಬಹಳ ರುಚಿಯಾಗಿದೆ ಅನಿಸಿತು, ಆದರೆ ನನ್ನ ಅನಿಸಿಕೆಯ ಬೆಲೆ ಊರಿಗೇ ಗೊತ್ತಿದ್ದ ವಿಷಯ.

“ಪೂರಾ ಅದೇ ಅಲ್ಲ,” ಎಂದಳು ಕಡೆಗೆ. ಇನ್ನೂ ಎರಡು ಸಲ ಅಗಿದಳು. “ಆದ್ರ ನಮ್ಮ ಮನೀದು ಹೌದು. ಇನ್ನೊಂದೆರಡು ವರ್ಷ ಆರಿಸಬೇಕು.”

ತಮ್ಮ ತನ್ನ ಹೋಳನ್ನು ಆಗಲೇ ಮುಗಿಸಿ, ಇನ್ನೊಂದು ರೊಟ್ಟಿಗೆಂದು ಕೈ ಚಾಚಿದ್ದ.

“ಇಲ್ಲ,” ಎಂದಳು ಅವಳು, ಚಾದರಿನ ಮೂಲೆಗಳನ್ನು ಮಡಚಿ ತೆನೆಗಳನ್ನು ಗಂಟು ಕಟ್ಟುತ್ತ. “ಉಳದದ್ದು ಬಿತ್ತೂದದ.”